ಮುಳ್ಳು ಎಲ್ಲಿದೆ, ಅದನ್ನು ನೋಡು

— ಅಕ್ಕೋರೇ, ಒಂದು ಗಿಡ ತಂದೆ. ಮುಟ್ಟುವಾಗ ಜೋಪಾನ, ಎಲೆಯೇ ಚುಚ್ಚುತ್ತದೆ.

— ಅದು ಚುಚ್ಚುವುದು ನನಗೆ ಹೊಸದಲ್ಲ. ಪೇಪರ್ ಹಾಸಿ ಅದರ ಮೇಲಿಡು. ಹೊಳೆಚುಳ್ಳಿ. ಎಲ್ಲಿಂದ ಕಡಿದೆ?

— ನಮ್ಮ ಗಜನಿ ಕಟ್ಟಿನ ಮೇಲಿಂದ. ಹೊರಮೈಗೆ ಅಘನಾಶಿನಿಯ ಉಪ್ಪುನೀರು, ಒಳಗೆ ಕಗ್ಗ ಭತ್ತ. ಕಟ್ಟಿನ ಉದ್ದಕ್ಕೂ ಇದರದ್ದೇ ಪೊದೆ. ಮೊನ್ನೆ ಗಿಡಮೂಲಿಕೆ ಕೊಳ್ಳುವ ವ್ಯಾಪಾರಿಯೊಬ್ಬ ಬಂದಿದ್ದ. ಚುಳ್ಳಿ ಬೀಜ ಇದ್ದರೆ ಒಣಗಿಸಿ ಚೀಲ ತುಂಬಿಡಿ, ಎಷ್ಟಿದ್ದರೂ ಒಯ್ಯುತ್ತೇನೆ ಅಂದ. ಕಗ್ಗದಲ್ಲಿ ಕೈಗೆ ಹತ್ತುವುದು ಅಷ್ಟಕ್ಕಷ್ಟೇ. ಇದಾದರೆ ಬಿತ್ತುವ ಕೆಲಸವೂ ಇಲ್ಲ, ಕೊಯ್ದರೆ ಆಯಿತು.

— ಅವನು ಬೀಜ ತೋರಿಸಿದನೋ, ಬರೇ ಹೆಸರು ಹೇಳಿದನೋ?

— ಅಂಗೈಯಲ್ಲಿ ಒಂದಿಷ್ಟು ತೋರಿಸಿದ. ಹೆಚ್ಚುಕಡಿಮೆ ಎಳ್ಳಿನಷ್ಟು, ಚಪ್ಪಟೆ, ಕಂದು ಬಣ್ಣ. ನೀರಿಗೆ ಹಾಕಿದರೆ ಲೋಳೆ ಬಿಡುತ್ತದೆ ಅಂದ.

— ಹಾಗಾದರೆ ನಿನ್ನ ಚೀಲ ತುಂಬುವುದಿಲ್ಲ ತಮ್ಮಾ. ಅವನು ಕೇಳಿದ್ದು ಈ ಗಿಡವನ್ನೇ ಅಲ್ಲ.

— ಚುಳ್ಳಿ ಅಂದಮೇಲೆ ಇದೇ ಅಲ್ಲವೇ?

— ಮುಳ್ಳಿದ್ದು ನೀಲಿ ಹೂ ಬಿಡುವ ಒಂದೆರಡು ಗಿಡಗಳಿಗೆ ಆ ಹೆಸರು ಹಂಚಿಹೋಗಿದೆ. ಎಲ್ಲವೂ ಆಡುಸೋಗೆಯ ಕುಟುಂಬದವೇ, ಅದಕ್ಕೆ ಮುಖದಲ್ಲಿ ಹೋಲಿಕೆ. ಹೆಸರಿನ ಗೊಡವೆ ಬಿಡು. ಗಿಡದಲ್ಲಿ ಮುಳ್ಳು ಎಲ್ಲಿದೆ ಎಂಬುದನ್ನು ನೋಡು. ಈಗ ನೀನು ತಂದದ್ದನ್ನೇ ತೆಗೆದುಕೋ. ಎಲೆ ಎದುರುಬದುರಾಗಿ ಜೋಡಿ ಜೋಡಿ ಬಂದಿದೆ. ದಪ್ಪ, ಗಡಸು, ಮೇಲ್ಮೈಗೆ ಎಣ್ಣೆ ಸವರಿದ ಹೊಳಪು. ಅಂಚು ಅಲೆಯಲೆಯಾಗಿ ಏರಿಳಿದು, ಪ್ರತಿ ಏರಿನ ತುದಿಗೂ ಒಂದು ಮುಳ್ಳು. ಎಲೆ ಕಾಂಡಕ್ಕೆ ಕೂಡುವ ಕಡೆಯಲ್ಲೂ ಗಿಡ್ಡನೆಯ ಮುಳ್ಳಿದೆ, ಆದರೆ ನಿನ್ನ ಕೈಗೆ ಮೊದಲು ಚುಚ್ಚುವುದು ಎಲೆಯ ಅಂಚು. ಕಾಂಡ ನುಣುಪು, ರೋಮವಿಲ್ಲ.

— ಮತ್ತೆ ಅವನ ಚುಳ್ಳಿ?

— ಅದು ಕೊಳವಳಿಕೆ. ವೈದ್ಯರು ಕೋಕಿಲಾಕ್ಷ ಅನ್ನುತ್ತಾರೆ, ಗ್ರಂಧಿಗೆ ಅಂಗಡಿಯಲ್ಲಿ ಅದರ ಬೀಜಕ್ಕೆ ತಾಲಿಮಖಾನಾ ಅಂತ ಹೆಸರು. ಅದರ ಎಲೆಯನ್ನು ಹೆದರದೆ ಹಿಡಿಯಬಹುದು. ಉದ್ದನೆಯ ಸಪೂರ ಎಲೆ, ಅಂಚಿಗೆ ಮುಳ್ಳಿಲ್ಲ. ಮುಳ್ಳೆಲ್ಲ ಗಿಣ್ಣಿನಲ್ಲಿ. ಒಂದೊಂದು ಗಿಣ್ಣಿನ ಸುತ್ತಲೂ ಆರಾರು, ನೆಟ್ಟಗೆ, ಹಳದಿ ಛಾಯೆಯವು. ಕಾಂಡದ ಮೇಲೆ ಒರಟು ರೋಮ. ಅದಕ್ಕೆ ಬೇಕಾದದ್ದು ಸಿಹಿನೀರು: ಗದ್ದೆಯ ಬದಿ, ಕೆರೆಯಂಚು, ತೋಟದ ಕಾಲುವೆ. ನಿನ್ನ ಗಜನಿಯ ಉಪ್ಪಿನಲ್ಲಿ ಅದನ್ನು ಹುಡುಕಬೇಡ.

— ಹೂವಿಲ್ಲದ ಕಾಲದಲ್ಲೂ ಗುರುತು ಹಿಡಿಯಬಹುದು ಅಂತಾಯಿತು.

— ಹಿಡಿಯಬಹುದು. ಆದರೆ ಒಂದು ಮಾತು. ಅಳಿವೆಯ ಉಪ್ಪುಕೆಸರಿನ ಕಾಂಡ್ಲಾ ಮರಗಳ ನೆರಳಿನಲ್ಲಿ ಬೆಳೆದ ಹೊಳೆಚುಳ್ಳಿಗೆ ಎಷ್ಟೋ ಸಲ ಅಂಚಿನ ಮುಳ್ಳೇ ಇರುವುದಿಲ್ಲ. ಎಲೆ ಸಪಾಟಾಗಿ, ಬೇರೆಯೇ ಗಿಡದ ಹಾಗೆ ಕಾಣುತ್ತದೆ. ಅದೇ ಗಿಡ ಬಿಸಿಲಿಗೆ ಚಾಚಿದ ಕೊಂಬೆಯಲ್ಲಿ ಮುಳ್ಳು ತೋರಿಸೀತು. ಆಗ ಎಲೆಯ ಮೇಲೆ ಬೆರಳಾಡಿಸಿ ನೋಡು. ಮಳೆಯಿಲ್ಲದ ದಿನಗಳಲ್ಲಿ ಬಿಳಿ ಪುಡಿ ಕೈಗೆ ಹತ್ತುತ್ತದೆ. ನಾಲಿಗೆಗೆ ತಾಗಿಸಿದರೆ ಉಪ್ಪು. ಬೇರು ಹೀರಿದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕಿ ಬದುಕುವ ಗಿಡ ಇದು. ಕೊಳವಳಿಕೆಗೆ ಆ ವಿದ್ಯೆ ಇಲ್ಲ.

— ಹೂವನ್ನು ನಾನು ನೋಡಿದ್ದೇನೆ. ಬೇಸಗೆಯಲ್ಲಿ ನೀಲಿ, ಒಳ್ಳೇ ಚಂದ. ಸೂರಕ್ಕಿ ಹಕ್ಕಿ ಬಂದು ಕೂರುತ್ತದೆ.

— ಹಕ್ಕಿಯೂ ಬರುತ್ತದೆ, ದೊಡ್ಡ ಕಪ್ಪು ದುಂಬಿಯೂ ಬರುತ್ತದೆ. ಇನ್ನೊಮ್ಮೆ ನೋಡುವಾಗ ಹೂವಿಗೆ ಮೇಲ್ದುಟಿ ಇದೆಯೇ ಅಂತ ನೋಡು. ಇರುವುದಿಲ್ಲ. ಕೆಳದುಟಿ ಒಂದೇ, ಅಗಲವಾಗಿ ಕೆಳಕ್ಕೆ ಇಳಿಬಿದ್ದು ತುದಿಯಲ್ಲಿ ಮೂರಾಗಿ ಸೀಳಿರುತ್ತದೆ. ನಾಲ್ಕು ಕೇಸರ ಒತ್ತಾಗಿ ನಿಂತಿರುತ್ತವೆ, ತಲೆಯ ಮೇಲೆ ಕುರುಚಲು ರೋಮ. ಆಮೇಲೆ ಬರುವ ಕಾಯಿ ಒಂದಂಗುಲದ್ದು, ಒಳಗೆ ನಾಲ್ಕೇ ಬೀಜ. ಬಲಿತು ಒಣಗಿದರೆ ಪಟ್ಟೆಂದು ಒಡೆದು ಬೀಜವನ್ನು ಒಂದೆರಡು ಮೀಟರ್ ದೂರ ಎಸೆಯುತ್ತದೆ. ಈಗ ಹೇಳು, ಕಾಯಿಗೆ ನಾಲ್ಕು ಬೀಜದ ಲೆಕ್ಕದಲ್ಲಿ, ಅದೂ ಕೈಗೆ ಸಿಗುವ ಮೊದಲೇ ಹಾರಿಹೋಗುವ ಬೀಜದಲ್ಲಿ, ಚೀಲ ತುಂಬುವುದು ಯಾವ ಕಾಲಕ್ಕೆ?

— ಅವನಿಗೆ ಅಷ್ಟು ಹೊತ್ತಿಗೆ ಮೊಮ್ಮಕ್ಕಳಾಗಿರುತ್ತಾರೆ.

— ನಗಬೇಡ. ಬೀಜ ಸಿಗಲಿಲ್ಲವೆಂದು ಯಾರಾದರೂ ಗಿಡವನ್ನೇ ಒಣಗಿಸಿ ಕೊಚ್ಚಿ ಕೊಟ್ಟರು ಅಂತಿಟ್ಟುಕೋ. ಕೋಕಿಲಾಕ್ಷದ ಕಷಾಯಕ್ಕೆ ಅದನ್ನು ಬೆರೆಸಿದರೆ ಕುಡಿಯುವವನಿಗೆ ಹೇಗೆ ಗೊತ್ತಾಗಬೇಕು? ಕೋಕಿಲಾಕ್ಷಕ್ಕೆ ಆಯುರ್ವೇದದಲ್ಲಿ ಗಟ್ಟಿ ನೆಲೆ ಇದೆ. ವಾಗ್ಭಟ ಅಷ್ಟಾಂಗಹೃದಯದಲ್ಲಿ ವಾತರಕ್ತಕ್ಕೆ ಅದರ ಕಷಾಯ ಹೇಳಿ, ಅದರ ಸೊಪ್ಪನ್ನೇ ಊಟಕ್ಕೂ ಹೇಳಿದ್ದಾನೆ. ಮೂತ್ರ ಸಲೀಸಾಗಿ ಹೋಗಲು, ಧಾತುಪುಷ್ಟಿಗೆ ಅಂತ ಬೀಜ, ಬೇರು ಎಲ್ಲ ಬಳಕೆಯಲ್ಲಿವೆ. ಹೊಳೆಚುಳ್ಳಿಯ ಕಥೆ ಬೇರೆ. ಅದು ಹೆಚ್ಚಾಗಿ ದಂಡೆಯ ಜನರ ಮನೆಮದ್ದು. ಒಂದರ ಗುಣವನ್ನು ಇನ್ನೊಂದರ ತಲೆಗೆ ಕಟ್ಟುವಂತಿಲ್ಲ.

— ಮುಳ್ಳಿನ ಎಲೆ ಇರುವ ಇನ್ನೊಂದು ಗಿಡ ಹೊಯಿಗೆಯಲ್ಲಿ ಬೆಳೆಯುತ್ತದಲ್ಲ, ಹಳದಿ ಹೂವಿನದ್ದು? ಅದೂ ಚುಳ್ಳಿಯ ಬಗೆಯೋ?

— ಅಯ್ಯೋ, ಅದರ ಹತ್ತಿರ ಹೋಗಬೇಡ. ಅದು ಅರಿಶಿನ ಉಮ್ಮತ್ತಿ. ಅಮೆರಿಕ ಖಂಡದಿಂದ ಬಂದು ಇಲ್ಲಿ ಊರೂರಿನಲ್ಲಿ ನೆಲೆ ನಿಂತಿದೆ. ಎಲೆಯ ಅಂಚಿನಲ್ಲಿ ಹೊಳೆಚುಳ್ಳಿಯ ಹಾಗೇ ಮುಳ್ಳು, ಅದಕ್ಕೇ ಹೆಚ್ಚು ಅಪಾಯ. ಆದರೆ ಆ ಎಲೆ ಬೂದಿ ಮಿಶ್ರಿತ ಹಸಿರು, ನರಗಳು ಬೆಳ್ಳಗೆ ಎದ್ದು ಕಾಣುತ್ತವೆ, ಮುರಿದರೆ ಹಳದಿ ಹಾಲು ಬರುತ್ತದೆ. ಹೊಳೆಚುಳ್ಳಿಯಲ್ಲಿ ಹಾಲಿಲ್ಲ. ಈ ಉಮ್ಮತ್ತಿಯ ಬೀಜ ನೋಡಲು ಸಾಸಿವೆಯೇ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು ಸಾವಿರಾರು ಜನರಿಗೆ ಮೈಕಾಲು ಊದಿಕೊಂಡಿತು, ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅದರೊಳಗಿನ ಸಾಂಗ್ವಿನರಿನ್ ಎಂಬ ವಿಷ ಹೃದಯಕ್ಕೆ ಹೋಗಿ ಬಡಿಯುತ್ತದೆ. ಮುರಿದು ನೋಡು, ಹಾಲು ಬಂತೋ, ಬಿಸಾಡಿ ಕೈ ತೊಳೆ.

— ಮುರಿಯುವ ಪರೀಕ್ಷೆ ಒಳ್ಳೆಯದು. ಅಲ್ಲ ಅಕ್ಕೋರೇ, ದಂಡೆಯ ಜನರ ಮನೆಮದ್ದು ಅಂದಿರಿ. ನಮ್ಮ ಅಜ್ಜಿ ಮಂಡಿನೋವಿಗೆ ಇದನ್ನು ಬಿಸಿ ಮಾಡಿ ಕಟ್ಟುತ್ತಿದ್ದಳು. ಅಷ್ಟೇ ನನಗೆ ಗೊತ್ತಿರುವುದು.

— ನಿನ್ನ ಅಜ್ಜಿ ಮಾಡಿದ್ದೇ ಪುಸ್ತಕದಲ್ಲೂ ಇದೆ. ವಿಲಿಯಂ ಡೈಮಾಕ್ ಅಂತ ಮುಂಬಯಿಯಲ್ಲಿದ್ದವರು ಇನ್ನಿಬ್ಬರ ಜತೆ ಸೇರಿ ಹತ್ತೊಂಬತ್ತನೇ ಶತಮಾನದ ಕೊನೆಗೆ ‘ಫಾರ್ಮಕೊಗ್ರಾಫಿಯಾ ಇಂಡಿಕಾ’ ತಂದರು. ಗೋವೆಯಲ್ಲಿ ಈ ಎಲೆಯ ಶಾಖ ಸಂಧಿನೋವು, ನರದ ನೋವಿಗೆ ಕೊಡುತ್ತಾರೆಂದು ಅದರಲ್ಲಿ ದಾಖಲಾಗಿದೆ. ಕೊಂಕಣದಲ್ಲಿ ಹುಳಿತೇಗಿಗೆ ಕಲ್ಲುಸಕ್ಕರೆ, ಜೀರಿಗೆ ಸೇರಿಸಿ ಕಷಾಯ ಕೊಡುವುದನ್ನೂ ಹೇಳಿದ್ದಾರೆ. ಅದಕ್ಕೂ ಇನ್ನೂರು ವರ್ಷ ಹಿಂದೆ ಹೋದರೆ ‘ಹೊರ್ತುಸ್ ಮಲಬಾರಿಕುಸ್’ ಇದೆ. ಕೊಚ್ಚಿಯಲ್ಲಿ ಡಚ್ಚರ ಆಡಳಿತ ನಡೆಸಿದ ವಾನ್ ರೀಡ್ ಮಾಡಿಸಿದ್ದು. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 12 ಸಂಪುಟ. ಎರಡನೆಯದರಲ್ಲಿ ಚುಳ್ಳಿ ಹೆಸರಿನ ಗಿಡಗಳೇ ಸಾಲಾಗಿ ಬರುತ್ತವೆ, ನಿನ್ನ ಹೊಳೆಚುಳ್ಳಿ ಬೇರೆ, ವ್ಯಾಪಾರಿಯ ಚುಳ್ಳಿ ಬೇರೆ, ಎರಡಕ್ಕೂ ಪ್ರತ್ಯೇಕ ಚಿತ್ರ. ಮುನ್ನೂರೈವತ್ತು ವರ್ಷದ ಹಿಂದೆಯೇ ಬಿಡಿಸಿಟ್ಟ ಗಂಟನ್ನು ನಾವು ಮತ್ತೆ ಕಟ್ಟಿಕೊಂಡಿದ್ದೇವೆ ಅಷ್ಟೆ.

— ಡಚ್ಚರಿಗೆ ಇದೆಲ್ಲ ಹೇಳಿಕೊಟ್ಟವರು ಯಾರು?

— ಇಟ್ಟಿ ಅಚ್ಯುತನ್ ಅಂತ ಈಳವ ವೈದ್ಯ. ಜತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಅವರು ನಾಗರಿ ಅಕ್ಷರದಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಆ ಪುಸ್ತಕದಲ್ಲಿ ಅಚ್ಚಾಗಿದೆ. ಗಿಡಕ್ಕೆ ಈಗಿರುವ ಶಾಸ್ತ್ರೀಯ ಹೆಸರು, ಅಕಾಂಥಸ್ ಇಲಿಸಿಫೋಲಿಯಸ್, ಲಿನೇಯಸ್ 1753ರಲ್ಲಿ ಇಟ್ಟದ್ದು.

— ಹಾವು ಕಚ್ಚಿದರೂ ಇದರ ಚಿಗುರು ಅರೆದು ಹಚ್ಚುತ್ತಾರಂತೆ?

— ಆ ಹಳೆಯ ಪುಸ್ತಕದಲ್ಲೂ ಹಾಗೇ ಇದೆ. ಅಲ್ಲೇ ಇರಲಿ. ಹಾವು ಕಚ್ಚಿದರೆ ಆಸ್ಪತ್ರೆ, ವಿಷನಿರೋಧಕ ಇಂಜೆಕ್ಷನ್. ಚಿಗುರು ಕೊಯ್ದು ಅರೆಯುವ ಹೊತ್ತಿನಲ್ಲಿ ಬೈಕು ಕುಮಟೆ ಮುಟ್ಟಿರುತ್ತದೆ.

— ಹೊಟ್ಟೆಗೆ ತೆಗೆದುಕೊಳ್ಳುವುದು?

— ನಾನು ಹೇಳುವುದಿಲ್ಲ. ಥಾಯ್ಲೆಂಡಿನಲ್ಲಿ ಇದೇ ಗಿಡವನ್ನೂ ಇದರ ಹತ್ತಿರದ ಇನ್ನೊಂದನ್ನೂ ಪುಡಿ ಮಾಡಿ, ಎರಡು ಪಾಲಿಗೆ ಒಂದು ಪಾಲು ಕಾಳುಮೆಣಸು ಸೇರಿಸಿ, ಜೇನಿನಲ್ಲಿ ಗುಳಿಗೆ ಕಟ್ಟಿ ದೀರ್ಘಾಯುಷ್ಯಕ್ಕೆ ಅಂತ ನುಂಗುತ್ತಾರೆ. ಅಲ್ಲಿ ಇದರ ಸೋಪು ಕೂಡ ಮಾರುತ್ತಾರೆ. ಚೀನಾದ ದಕ್ಷಿಣ ಕರಾವಳಿಯಲ್ಲಿ ಯಕೃತ್ತಿನ ಕಾಯಿಲೆಗೆ, ದಮ್ಮಿಗೆ ಬಳಕೆ. ನಮ್ಮಲ್ಲಿ ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ಎಲೆಯ ಸಾರ ಕೊಟ್ಟು, ಬಾವು ಇಳಿಯಿತು, ಯಕೃತ್ತಿಗೆ ಆಸರೆಯಾಯಿತು ಅಂತ ಬರೆದ ಪ್ರಬಂಧಗಳಿವೆ. ಬೆಂಜಾಕ್ಸಜೋಲಿನೋನ್ ಬಗೆಯ ವಸ್ತುಗಳು, ವರ್ಬಾಸ್ಕೋಸೈಡ್ ಇವೆಲ್ಲ ಅದರಿಂದ ಬೇರ್ಪಡಿಸಿ ತೆಗೆದವು. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ದೂರ. ಎಷ್ಟು ಕೊಡಬೇಕು, ಎಷ್ಟು ದಿನ, ಬಸುರಿಗೆ ಆಗುತ್ತದೋ, ಬಿಪಿ ಮಾತ್ರೆ ನುಂಗುವವರಿಗೆ ಏನಾಗುತ್ತದೆ, ಇದನ್ನೆಲ್ಲ ಜನರ ಮೇಲೆ ಸರಿಯಾಗಿ ಪರೀಕ್ಷಿಸಿ ಹೇಳಿದ ಮೇಲೆ ನೋಡೋಣ. ಇನ್ನೊಂದು ವಿಷಯ: ಕಾಂಡ್ಲಾ ಕೆಸರು ಪೇಟೆಯ ಚರಂಡಿಯಿಂದ ಬಂದ ಸೀಸ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಬೇರು ಬಿಟ್ಟ ಗಿಡದ ಕಷಾಯ ಕುಡಿಯುವ ಮೊದಲು ಆ ಚರಂಡಿಯನ್ನೂ ನೆನೆಯಬೇಕು.

— ಅಂದರೆ ಹೊರಗಿನಿಂದ ಶಾಖ ಮಾತ್ರ. ಅಮ್ಮನಿಗೆ ಈಗ ಮಂಡಿ ಹಿಡಿದಿದೆ. ಹೇಗೆ ಮಾಡಬೇಕು?

— ಎಳೆಯದೂ ಅಲ್ಲ, ಹಣ್ಣಾದದ್ದೂ ಅಲ್ಲ, ನಡುವಿನ ಎಲೆ ಎರಡು ಹಿಡಿ. ಸಿಹಿನೀರಲ್ಲಿ ಎರಡು ಸಲ ತೊಳೆ, ಉಪ್ಪು, ಕೆಸರು ಹೋಗಲಿ. ಕತ್ತರಿಯಿಂದ ಸುತ್ತಲೂ ಅಂಚು ಕತ್ತರಿಸಿ ಹಾಕು. ಈ ಕೆಲಸಕ್ಕೆ ಬೇಸರಪಟ್ಟರೆ ಆಮೇಲೆ ಬಟ್ಟೆಯೊಳಗಿನಿಂದ ಮುಳ್ಳು ಚುಚ್ಚಿ ಅಮ್ಮ ನಿನ್ನನ್ನೇ ಬೈಯುತ್ತಾಳೆ. ಒರಳಲ್ಲಿ ಜಜ್ಜು, ನುಣ್ಣಗೆ ಆಗಬೇಕಿಲ್ಲ. ಲೋಳೆ ಬರುತ್ತದೆ, ಅದು ಇರಲಿ. ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಕಾವಲಿಯ ಮೇಲೆ ಬಿಸಿ ಮಾಡಿ, ನಿನ್ನ ಮುಂಗೈಗೆ ತಾಗಿಸಿ ನೋಡಿ ಆಮೇಲೆ ಅವಳ ಮಂಡಿಗೆ. ಆರಿದರೆ ಮತ್ತೆ ಬಿಸಿ. ಅವಳಿಗೆ ಸಕ್ಕರೆ ಕಾಯಿಲೆ ಇದೆಯೇ?

— ಇದೆ.

— ಹಾಗಾದರೆ ಬಿಸಿ ಎಷ್ಟೆಂದು ಅವಳನ್ನು ಕೇಳಬೇಡ. ಕಾಲಿನ ಸ್ಪರ್ಶ ಮಂದವಾಗಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ. ಉಗುರುಬೆಚ್ಚಗೆ ಸಾಕು. ಗಾಯ ಇದ್ದ ಕಡೆ ಬೇಡ. ಮಂಡಿ ಕೆಂಪಾಗಿ ಊದಿ ಜ್ವರ ಬಂದಿದ್ದರೆ ಇದರ ಸುದ್ದಿಗೇ ಹೋಗದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನೋವು ಕಡಿಮೆಯಾದದ್ದು ಎಲೆಯಿಂದಲೋ ಬಿಸಿಯಿಂದಲೋ ಅಂತ ನನ್ನನ್ನು ಕೇಳಿದರೆ, ಅರ್ಧ ಪಾಲಾದರೂ ಬಿಸಿಯದ್ದು ಅಂತಲೇ ನನ್ನ ಲೆಕ್ಕ. ಇನ್ನೊಂದಿಷ್ಟು ಮಗ ಹತ್ತಿರ ಕೂತದ್ದರದ್ದು.

— ಅಷ್ಟಕ್ಕೆ ಕಟ್ಟಿನ ಮೇಲಿನದ್ದೇ ಸಾಕು. ಮಾರುವುದಾದರೆ ಆಚೆ ಕಾಂಡ್ಲಾ ಕಾಡಿನೊಳಗೆ ಎಷ್ಟು ಬೇಕಾದರೂ ಇದೆ, ದೋಣಿ ತುಂಬಿಸಿಕೊಂಡು ಬರಬಹುದು.

— ಆ ಯೋಚನೆಯನ್ನು ಇಲ್ಲೇ ಬಿಡು. ಕಾಂಡ್ಲಾ ಇರುವ ಜಾಗ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಎಲ್ಲಕ್ಕಿಂತ ಬಿಗಿಯಾದ ಒಂದನೇ ವರ್ಗದ್ದು. 1991ರ ಅಧಿಸೂಚನೆಯಲ್ಲೂ ಹಾಗೇ ಇತ್ತು, 2019ರದರಲ್ಲೂ ಹಾಗೇ. ಅದರ ಮೇಲೆ ಅಘನಾಶಿನಿ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, 4,801 ಹೆಕ್ಟೇರ್. ಕಾನೂನು ಒಂದು ಕಡೆ ಇರಲಿ. ಆ ಮುಳ್ಳಿನ ಪೊದೆಯ ಕೆಳಗೆ ಏನೇನಿದೆ ಅಂತ ನಿನಗೆ ನಾನು ಹೇಳಬೇಕೇ? ಮೀನಿನ ಮರಿ, ಸೀಗಡಿ, ಏಡಿ, ಎಲ್ಲವೂ ದೊಡ್ಡ ಮೀನಿಗೆ ಸಿಗದ ಹಾಗೆ ಅಡಗುವುದು ಅಲ್ಲೇ.

— ಆದರೆ ಅರಣ್ಯ ಇಲಾಖೆಯವರು ಕಾಂಡ್ಲಾ ನೆಡುವಾಗ ಈ ಹೊಳೆಚುಳ್ಳಿಯನ್ನು ಶಾಪ ಹಾಕುವುದನ್ನು ನಾನೇ ಕೇಳಿದ್ದೇನೆ.

— ಅವರ ಮಾತಿನಲ್ಲೂ ನ್ಯಾಯವಿದೆ. ಮರ ಕಡಿದು ಬಯಲಾದ ಜಾಗಕ್ಕೆ ಮೊದಲು ನುಗ್ಗುವುದು ಇದೇ. ಕಾಂಡದ ಬುಡದಿಂದ ಆಧಾರದ ಬೇರು ಇಳಿಬಿಟ್ಟು, ಬಾಗಿದ ಕೊಂಬೆ ಕೆಸರಿಗೆ ತಾಗಿದಲ್ಲೆಲ್ಲ ಮತ್ತೆ ಬೇರು ಬಿಟ್ಟು, ಗೋಡೆ ಕಟ್ಟಿದ ಹಾಗೆ ತುಂಬಿಬಿಡುತ್ತದೆ. ಮೇಲಿನಿಂದ ಬಿದ್ದ ಕಾಂಡ್ಲಾ ಕೋಡು ಕೆಸರು ಮುಟ್ಟುವುದೇ ಇಲ್ಲ. ಹೊಳೆಚುಳ್ಳಿ ಒಂದೇ ಎಕರೆಗಟ್ಟಲೆ ಕಂಡರೆ ಅಲ್ಲಿ ಹಿಂದೆ ಯಾರೋ ಮರ ಕಡಿದಿದ್ದಾರೆ ಅಂತ ನಾನು ಊಹಿಸುತ್ತೇನೆ. ಆದರೆ ಅದೇ ಗುಣ ನಿನ್ನ ಮಣ್ಣಿನ ಕಟ್ಟಿಗೆ ವರ. ಉಬ್ಬರದ ತೆರೆ ನೇರ ಮಣ್ಣಿಗೆ ಹೊಡೆಯುವುದಿಲ್ಲ, ಹೂಳು ಬುಡದಲ್ಲಿ ನಿಲ್ಲುತ್ತದೆ, ದನ ಹತ್ತಿ ಕಟ್ಟು ತುಳಿಯುವುದಿಲ್ಲ. ನನ್ನನ್ನು ಕೇಳಿದರೆ ಈ ಗಿಡದಿಂದ ನಿನಗೆ ಬರುವ ದೊಡ್ಡ ಲಾಭ ಇದು. ಅದಕ್ಕೆ ಚೀಲವೂ ಬೇಡ, ವ್ಯಾಪಾರಿಯೂ ಬೇಡ.

— ಕಟ್ಟಿನ ತೆಂಕಣ ತುದಿ ಕಳೆದ ಮಳೆಗಾಲ ಕುಸಿದಿದೆ. ಅಲ್ಲಿ ಇದು ಇಲ್ಲ.

— ಹಾಗಾದರೆ ಅಲ್ಲಿಗೇ ನೆಡು. ಬೀಜಕ್ಕಿಂತ ಕೊಂಬೆ ಸುಲಭ. ಪೆನ್ಸಿಲ್ ದಪ್ಪದ, ತೀರಾ ಎಳೆಯದಲ್ಲದ ಕೊಂಬೆಯನ್ನು ಒಂದು ಗೇಣಿನಷ್ಟು ಕತ್ತರಿಸು, ಮೂರು ನಾಲ್ಕು ಗಿಣ್ಣು ಇರಬೇಕು. ಕೆಳಗಿನ ಎಲೆಗಳನ್ನು ಸವರಿ ಎರಡು ಗಿಣ್ಣು ಕೆಸರೊಳಗೆ ಹೋಗುವಂತೆ ಓರೆಯಾಗಿ ಊರು. ಬೇರು ಹೊರಡುವುದು ಗಿಣ್ಣಿನಿಂದ. ತೀರ ಕೆಳಗೆ ಸದಾ ನೀರು ನಿಲ್ಲುವಲ್ಲಿ ಬೇಡ. ಉಬ್ಬರ ಮುಟ್ಟಿ ಇಳಿಯುವ ಮೇಲಿನ ಅಂಚು ಅದಕ್ಕೆ ಇಷ್ಟ. ಕಟ್ಟಿನ ಬಾಗಿಲ ಹತ್ತಿರ ಮಾತ್ರ ನೆಡಬೇಡ, ಎರಡು ವರ್ಷದಲ್ಲಿ ಹಲಗೆ ಎತ್ತಲು ಜಾಗ ಬಿಡುವುದಿಲ್ಲ.

— ಯಾವ ತಿಂಗಳು?

— ಮಳೆಯ ಜೋರು ಇಳಿದ ಮೇಲೆ, ಹೊಳೆಯ ನೀರು ಪೂರ್ತಿ ಉಪ್ಪಾಗುವ ಮೊದಲು. ಚೌತಿ ಕಳೆದು ನವರಾತ್ರಿಯ ಒಳಗೆ ಅಂದುಕೋ. ಉಪ್ಪಿನಲ್ಲಿ ಬದುಕುತ್ತದೆ ಅಂದಮಾತ್ರಕ್ಕೆ ಉಪ್ಪೇ ಬೇಕು ಅಂತಲ್ಲ, ಕಡಿಮೆ ಉಪ್ಪಿನಲ್ಲೇ ಚೆನ್ನಾಗಿ ಬೆಳೆಯುತ್ತದೆ. ಕುಂಡದಲ್ಲಿ ಬಾವಿನೀರು ಹಾಕಿಯೂ ಬೆಳೆಸಬಹುದು. ಅಮ್ಮನ ಮಂಡಿಗೆ ಬೇಕಾದ ಎಲೆಗೆ ಅಂಗಳದಲ್ಲೇ ಒಂದು ಕುಂಡ ಇಟ್ಟುಕೋ, ಚರಂಡಿಯ ಚಿಂತೆಯೂ ಇಲ್ಲ. ಮಕ್ಕಳು ಓಡಾಡುವ ದಾರಿಯಿಂದ ದೂರ ಇಡು.

— ವ್ಯಾಪಾರಿಗೆ ಏನು ಹೇಳಲಿ?

— ನಿನಗೆ ಬೇಕಾದದ್ದು ಕೊಳವಳಿಕೆ, ನಮ್ಮಲ್ಲಿರುವುದು ಹೊಳೆಚುಳ್ಳಿ ಅಂತ ಎರಡರ ಕೊಂಬೆಯನ್ನೂ ಎದುರಿಗಿಟ್ಟು ಹೇಳು. ನಿನ್ನ ಅಡಿಕೆ ತೋಟದ ಕೆಳಗಿನ ಕಾಲುವೆಯಲ್ಲಿ ವರ್ಷವಿಡೀ ಸಿಹಿನೀರು ಇದೆಯಲ್ಲ, ಕೊಳವಳಿಕೆಗೆ ಅದು ಹೇಳಿಮಾಡಿಸಿದ ಜಾಗ. ಅವನ ಬೀಜದಲ್ಲೇ ಒಂದು ಮುಷ್ಟಿ ಬೇಡಿ ಇಸಿದುಕೋ. ಎಷ್ಟಕ್ಕೆ ಕೊಳ್ಳುತ್ತಾನೆ ಅಂತ ಮೊದಲೇ ಬಾಯಿಬಿಡಿಸು, ಬಿತ್ತುವುದು ಆಮೇಲೆ.

— ಈ ಕೊಂಬೆ ತಂದೆನಲ್ಲ, ಇದನ್ನೇ ನಾಳೆ ಊರಲೇ?

— ನಾಳಿದ್ದು ಅಮಾವಾಸ್ಯೆ. ದೊಡ್ಡ ಉಬ್ಬರ ಬಂದು ನೀನು ಊರಿದ್ದನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಕೊಂಬೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡು. ಅಷ್ಟಮಿಯ ಹೊತ್ತಿಗೆ ನೀರಿನ ಏರಿಳಿತ ಸಣ್ಣದಾಗಿರುತ್ತದೆ, ಆಗ ಊರಿದರೆ ಹುಣ್ಣಿಮೆಯ ಉಬ್ಬರದೊಳಗೆ ಒಂದಿಷ್ಟು ನೆಲ ಹಿಡಿದೀತು. ಹಿಡಿಯದಿದ್ದರೆ ಮತ್ತೆ ಮುಂದಿನ ಅಷ್ಟಮಿಗೆ. ಕೈಗವಸು ಇದೆಯೇ ನಿನ್ನ ಹತ್ತಿರ?

— ಇಲ್ಲ.

— ಒಳಗೆ ಬಾಗಿಲ ಹಿಂದೆ ಇದೆ, ತೆಗೆದುಕೊಂಡು ಹೋಗು. ತಿರುಗಿ ತಂದುಕೊಡಬೇಕು ಮತ್ತೆ.